ಮಂಜರಾಬಾದಿನ ಸಂಜೆ: ಪಾನ, ವಾದ್ಯ ಮತ್ತು ವಿರಾಮದ ಚರಿತ್ರೆ

1

ನಾಡಿನ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಹಗಲಿನ ಸಂಗತಿಗಳನ್ನೇ ಬರೆದಿದ್ದಾರೆ. ಯುದ್ಧ, ದಾನ, ಕಂದಾಯ, ಕೃಷಿ, ದೇವಾಲಯನಿರ್ಮಾಣ ಇವೆಲ್ಲವೂ ಸೂರ್ಯನ ಬೆಳಕಿನಲ್ಲಿ ನಡೆಯುವ ಕಾರ್ಯಗಳು. ಶಾಸನಗಳೂ ಸರಕಾರದ ಕಡತಗಳೂ ಇವುಗಳಿಗೇ ಸಾಕ್ಷಿಯಾಗಿ ನಿಂತಿವೆ. ಹೊತ್ತು ಮುಳುಗಿ ಕೈಯ ಕೆಲಸ ಕೆಳಗಿಳಿದ ಮೇಲೆ ಮನುಷ್ಯರು ಎಲ್ಲಿ ಕುಳಿತರು, ಏನನ್ನು ಕುಡಿದರು, ಯಾವ ವಾದ್ಯವನ್ನು ಕೇಳಿದರು, ಯಾರೊಡನೆ ಕುಳಿತರು ಎಂಬ ಪ್ರಶ್ನೆಗಳು ಚರಿತ್ರೆಗೆ ತಕ್ಕವಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಒಂದು ಸಮಾಜದಲ್ಲಿ ವಿರಾಮವು ಯಾರ ಪಾಲಿಗೆ ಸೇರಿತ್ತು ಎಂಬುದನ್ನು ತಿಳಿಯದೆ ಆ ಸಮಾಜದ ದುಡಿಮೆಯ ಸ್ವರೂಪವನ್ನು ಸರಿಯಾಗಿ ತಿಳಿಯಲಾಗದು. ದುಡಿಮೆಯೂ ವಿರಾಮವೂ ಒಂದೇ ದಿನದ ಎರಡು ಭಾಗಗಳು. ಒಂದನ್ನು ಹಂಚಿದ ಕೈಯೇ ಇನ್ನೊಂದನ್ನೂ ಹಂಚುತ್ತದೆ.

ಈ ದೃಷ್ಟಿಯಿಂದ ಹಾಸನ ಜಿಲ್ಲೆಯ ಪಶ್ಚಿಮದ ಬೆಟ್ಟಸೀಮೆಯನ್ನು, ಅದರಲ್ಲಿಯೂ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹೋಬಳಿಯನ್ನೂ ಅದರ ನೆರೆಯ ಆಲೂರು ಸೀಮೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರದೇಶವನ್ನು ಆರಿಸಿಕೊಳ್ಳಲು ಕಾರಣವುಂಟು. ಘಟ್ಟದ ನೆತ್ತಿಗೆ ಹತ್ತಿರವಾದ ಈ ಊರುಗಳಲ್ಲಿ ಸೂರ್ಯಾಸ್ತವೆಂಬುದು ಇಂದು ಹಣಕೊಟ್ಟು ಕೊಳ್ಳುವ ಪದಾರ್ಥವಾಗಿದೆ. ಪಟ್ಟಣಗಳಿಂದ ಬಂದವರು ಬೆಟ್ಟದ ಅಂಚಿನಲ್ಲಿ ಕುಳಿತು, ಕೈಯಲ್ಲಿ ಪಾನಪಾತ್ರೆಯನ್ನು ಹಿಡಿದು, ಹಾಡು ವಾದ್ಯಗಳನ್ನು ಕೇಳುತ್ತ ಹೊತ್ತು ಇಳಿಯುವುದನ್ನು ನೋಡುತ್ತಾರೆ. ಇದು ಇಟಲಿಯ ಹಳ್ಳಿಗಾಡಿನ ದ್ರಾಕ್ಷಿತೋಟಗಳಲ್ಲಿ ಕಾಣುವಂಥದೇ ಪದ್ಧತಿ. ಹೊರಗಿನಿಂದ ಬಂದ ಹೊಸ ವಿಲಾಸವೆಂದು ಮೇಲುನೋಟಕ್ಕೆ ತೋರುತ್ತದೆ. ವಿಚಾರಮಾಡಿ ನೋಡಿದರೆ ಪಾನವೂ ವಾದ್ಯವೂ ಸಂಜೆಯೂ ಒಂದುಗೂಡುವುದು ಈ ಬೆಟ್ಟಗಳಿಗೆ ಹೊಸದೇನೂ ಅಲ್ಲವೆಂದು ವಿದಿತವಾಗುತ್ತದೆ. ಕಾಲಕಾಲಕ್ಕೆ ಬದಲಾದುದು ಆ ಸಂಜೆಯ ಒಡೆತನ.

2

ಮೊದಲು ಸಾಹಿತ್ಯದ ಸಾಕ್ಷ್ಯವನ್ನು ನೋಡೋಣ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಎಣಿಸುವಾಗ ದಂಡಿಯು ನಗರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯರ ಉದಯ ಮೊದಲಾದವುಗಳ ಜೊತೆಗೆ ಮಧುಪಾನವನ್ನೂ ಸೇರಿಸಿದ್ದಾನೆ. ಕನ್ನಡದ ಪ್ರೌಢಕವಿಗಳು ಈ ಅಷ್ಟಾದಶ ವರ್ಣನೆಗಳ ಸಂಪ್ರದಾಯವನ್ನು ಒಪ್ಪಿಕೊಂಡವರು. ಪಂಪನು 941ರಲ್ಲಿ ಪೂರೈಸಿದ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಸೂರ್ಯಾಸ್ತದ ಬಳಿಕ ಸೂಳೆಗೇರಿಯನ್ನೂ ಅಲ್ಲಿನ ಪಾನಗೋಷ್ಠಿಯನ್ನೂ ವರ್ಣಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು 12ನೆಯ ಶತಮಾನದ ಮೊದಲರ್ಧದ ಗ್ರಂಥ. ಅದರಲ್ಲಿ ಅರಸನ ಭೋಗಗಳ ನಡುವೆ ಪಾನೀಯಗಳಿಗೂ, ವಿನೋದಗಳ ನಡುವೆ ಗೀತ, ವಾದ್ಯ, ನೃತ್ಯಗಳಿಗೂ ಬೇರೆಬೇರೆ ಪ್ರಕರಣಗಳಿವೆ. ಹಾನುಬಾಳಿನಿಂದ ಬಹುದೂರವಲ್ಲದ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಕೆಲವರು ವಾದ್ಯ ನುಡಿಸುತ್ತಲೂ ನರ್ತಿಸುತ್ತಲೂ ನಿಂತಿದ್ದಾರೆ.

ಈ ಸಾಕ್ಷ್ಯಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪಾನಗೀತಗಳಿಂದ ಕೂಡಿದ ಸಂಜೆಯು ನಮ್ಮ ಪ್ರಾಚೀನರಿಗೆ ಪರಿಚಿತವಾಗಿತ್ತು, ಅದನ್ನು ವರ್ಣಿಸಲು ಅವರು ಸಂಕೋಚಪಡಲಿಲ್ಲ. ಆದರೆ ಅಲ್ಲಿ ಕಾಣುವ ಸಂಜೆ ಅರಸನದು, ವಿಟನದು, ನಗರದ್ದು. ಗದ್ದೆಯಿಂದ ಮರಳಿದವನ ಸಂಜೆಗೆ ಆ ವರ್ಣನೆಗಳಲ್ಲಿ ಎಡೆ ಬಲು ಕಡಿಮೆ. ಅದಕ್ಕೆ ಸಾಕ್ಷ್ಯವನ್ನು ನಾವು ಬೇರೆಡೆ ಹುಡುಕಬೇಕು.

ಅಂಥ ಒಂದು ಸಾಕ್ಷ್ಯವು ಇಟಲಿಯವನೊಬ್ಬನಿಂದಲೇ ದೊರೆತಿರುವುದು ಸ್ವಾರಸ್ಯವಾದ ವಿಷಯ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು 1623ರ ನವೆಂಬರಿನಲ್ಲಿ, ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ, ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ಅಲ್ಲಿ ಕಂಡುದನ್ನು ತನ್ನ ಪತ್ರಗಳಲ್ಲಿ ಬರೆದಿಟ್ಟನು. ಹೂ ಮುಡಿದು ಸಿಂಗರಿಸಿಕೊಂಡ ಹುಡುಗಿಯರು ಗುಂಪುಗುಂಪಾಗಿ ಬೀದಿಯಲ್ಲಿ ಸುತ್ತು ಕಟ್ಟಿ, ಬಣ್ಣ ಬಳಿದ ಎರಡು ಚಿಕ್ಕ ಕೋಲುಗಳನ್ನು ತಾಳಕ್ಕೆ ಬಡಿಯುತ್ತ, ಒಬ್ಬಳು ಹಾಡಿದುದಕ್ಕೆ ಉಳಿದವರು ಪಲ್ಲವಿಯನ್ನು ಕೂಡಿಸುತ್ತ ಕುಣಿದುದನ್ನು ಅವನು ವಿವರಿಸಿದ್ದಾನೆ. ಪಲ್ಲವಿಯಲ್ಲಿ ತಿರುತಿರುಗಿ ಬರುತ್ತಿದ್ದ ಒಂದು ಮಾತನ್ನು ಅವನು ತನ್ನ ಕಿವಿಗೆ ಕೇಳಿದಂತೆ ‘ಕೋಲೆ’ ಎಂದು ಬರೆದುಕೊಂಡಿದ್ದಾನೆ. ನಮ್ಮ ಕೋಲಾಟವನ್ನು ಬಲ್ಲವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಅದೇ ಊರಿನಲ್ಲಿ ಅವನು ಇನ್ನೊಂದನ್ನೂ ಕಂಡನು. ಭೇರಿ ಬಾರಿಸುವ ವೃತ್ತಿಯವನೊಬ್ಬನು ತೀರಿಕೊಂಡಿದ್ದನು. ಅವನ ಹೆಂಡತಿ ಸಹಗಮನಕ್ಕೆ ಸಿದ್ಧಳಾಗಿದ್ದಳು. ದೆಲ್ಲಾ ವಾಲ್ಲೆ ಆಕೆಯ ಮನೆಗೆ ಹೋಗಿ ಮಾತನಾಡಿಸಿ, ಆ ನಿಶ್ಚಯವನ್ನು ಬಿಡಿಸಲು ಪ್ರಯತ್ನಪಟ್ಟು ವಿಫಲನಾದನು. ಸಂಜೆಯ ಕುಣಿತವನ್ನು ಕಂಡು ಸಂತೋಷಪಟ್ಟ ಕಣ್ಣೇ ವಾದ್ಯಗಾರನ ಮನೆಯೊಳಗಿನ ದುಃಖವನ್ನೂ ಕಂಡಿತು. ವಾದ್ಯವನ್ನು ಕೇಳುವವರು ಅನೇಕರು; ವಾದ್ಯಗಾರನ ಮನೆಯ ಬಾಗಿಲಿಗೆ ಹೋದವರು ವಿರಳ. ಈ ಕಾರಣದಿಂದ ಅವನ ಪತ್ರಗಳು ನಮ್ಮ ಸಾಮಾಜಿಕ ಚರಿತ್ರೆಗೆ ಬೆಲೆಯುಳ್ಳವು.

3

ಇನ್ನು ಮಂಜರಾಬಾದಿಗೆ ಬರೋಣ. ಈ ಸೀಮೆಗೆ ಬಲಂ ಎಂಬುದು ಹಿಂದಿನ ಹೆಸರು. ಬೇಲೂರಿನ ನಾಯಕರ ವಂಶದವರು ಐಗೂರನ್ನು ನೆಲೆಮಾಡಿಕೊಂಡು ಇದನ್ನು ಆಳಿದರು. ಟಿಪ್ಪುಸುಲ್ತಾನನು ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯಿಂದಾಗಿ ಮಂಜರಾಬಾದ್ ಎಂಬ ಹೆಸರು ಬಳಕೆಗೆ ಬಂದಿತು; ಮಂಜು ಕವಿದ ಬೆಟ್ಟವಾದುದರಿಂದ ಈ ಹೆಸರೆಂದು ಜನರು ಹೇಳುತ್ತಾರೆ. 1799ರ ಬಳಿಕವೂ ತಲೆಬಾಗದಿದ್ದ ಬಲಂ ನಾಯಕನನ್ನು ಆರ್ಥರ್ ವೆಲ್ಲೆಸ್ಲಿಯ ಸೈನ್ಯವು 1802ರಲ್ಲಿ ಸೋಲಿಸಿ ಗಲ್ಲಿಗೇರಿಸಿತು. ಅಲ್ಲಿಂದ ಮುಂದೆ ಈ ಬೆಟ್ಟಗಳ ಆಡಳಿತ ಮೈಸೂರಿನದು, 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳದು.

ಈ ಸೀಮೆಯ ಊರಸಂಜೆಯಲ್ಲಿ ಪಾನವೆಂದರೆ ಬಗನಿಯ ಕಳ್ಳು. ಬಯಲುಸೀಮೆಗೆ ಈಚಲು ಹೇಗೋ ಮಲೆನಾಡಿಗೆ ಬಗನಿ ಹಾಗೆ. ಈ ಮರದ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು; ಏಕೆಂದರೆ ಊರಿನ ಪಾನಪದ್ಧತಿಯು ಇದರಿಂದಲೇ ರೂಪುಗೊಂಡಿತು. ಬಗನಿಯು ಬೆಳೆದು ಪ್ರಾಯಕ್ಕೆ ಬಂದ ಮೇಲೆ ತುದಿಯಲ್ಲಿ ಮೊದಲ ಹೊಂಬಾಳೆಯನ್ನು ಬಿಡುತ್ತದೆ. ಬಳಿಕ ಒಂದೊಂದೇ ಗೆಣ್ಣು ಕೆಳಗಿಳಿಯುತ್ತ ಹೂವಾಗುತ್ತದೆ. ಎಲ್ಲಕ್ಕೂ ಕೆಳಗಿನ ಹೊಂಬಾಳೆ ಮುಗಿದಾಗ ಮರವೂ ಸಾಯುತ್ತದೆ. ಹೊಂಬಾಳೆಯ ತುದಿಯನ್ನು ದಿನವೂ ತೆಳ್ಳಗೆ ಕೊಯ್ದು ಮಡಕೆ ಕಟ್ಟಿದರೆ ಹಗಲೂ ಇರುಳೂ ರಸ ತೊಟ್ಟಿಕ್ಕುತ್ತದೆ. ಬೆಳಗ್ಗೆ ಸಂಜೆ ಎರಡು ಹೊತ್ತು ಇಳಿಸಬೇಕು. ಬೆಳಗಿನ ರಸ ಸಿಹಿ. ಹೊತ್ತೇರಿದಂತೆ ಹುಳಿಯೇರಿ ಸಂಜೆಗೆ ಅಮಲಾಗುತ್ತದೆ. ಮರುದಿನಕ್ಕೆ ಅದು ಕುಡಿಯಲು ಬಾರದು. ಆದುದರಿಂದ ಬಗನಿಯ ಕಳ್ಳನ್ನು ಕೂಡಿಡಲಾಗದು, ದೂರಕ್ಕೆ ಸಾಗಿಸಲಾಗದು. ಅದು ಇಳಿದ ಊರಿನಲ್ಲಿಯೇ, ಇಳಿದ ದಿನವೇ, ಅಕ್ಕಪಕ್ಕದವರ ನಡುವೆ ಮುಗಿಯಬೇಕಾದ ಪಾನ. ಅದರ ಜೊತೆಗೆ ನೆರೆಹೊರೆಯೂ ತಾನಾಗಿ ಬರುತ್ತದೆ. ಮಲೆನಾಡಿನ ಈ ಜೀವನದಲ್ಲಿ ಬಗನಿಯ ಮರವೂ ಅದರ ಕಳ್ಳೂ ಎಷ್ಟು ಬೆರೆತುಹೋಗಿದ್ದವೆಂಬುದನ್ನು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು (1936) ಓದಿದ ವಿದ್ಯಾರ್ಥಿಗಳು ಬಲ್ಲರು, ಆ ಕಾದಂಬರಿಯ ನೆಲ ತೀರ್ಥಹಳ್ಳಿಯ ಕಡೆಯದಾದರೂ ಮರವೂ ಪದ್ಧತಿಯೂ ಇಲ್ಲಿಯವೇ.

ವಾದ್ಯದ ಸಂಜೆಗಳಲ್ಲಿ ಸುಗ್ಗಿಯದು ಮೇಲಾದುದು. ಬತ್ತ ಕಣಜ ಸೇರಿ, ಕಾಫಿಯ ಕೊಯ್ಲು ಮುಗಿದು, ಮೊದಲ ಮಳೆಯನ್ನು ನಿರೀಕ್ಷಿಸುವ ಯುಗಾದಿಯ ಸುತ್ತಿನ ದಿನಗಳಲ್ಲಿ ಸಕಲೇಶಪುರ ಸೀಮೆಯ ಊರುಗಳು ತಮ್ಮತಮ್ಮ ಗ್ರಾಮದೇವತೆಗಳಿಗೆ ಸುಗ್ಗಿಯನ್ನು ನಡೆಸುತ್ತವೆ. ಹಲವು ಊರುಗಳಲ್ಲಿ ಆ ದಿನಗಳಿಗೆ ಕಟ್ಟುಪಾಡುಗಳುಂಟು: ಹಸಿಯ ಮರವನ್ನು ಕಡಿಯಬಾರದು, ಒಗ್ಗರಣೆ ಹಾಕಬಾರದು, ಮಾಂಸ ಬೇಯಿಸಬಾರದು. ಹೊತ್ತು ಇಳಿದ ಮೇಲೆ ಸುಗ್ಗಿಯ ಬಯಲಿನಲ್ಲಿ ಡೋಲು ವಾಲಗಗಳ ತಾಳಕ್ಕೆ ಗಂಡಸರು ಸುತ್ತು ಕಟ್ಟಿ ಕುಣಿಯುತ್ತಾರೆ. ಇಲ್ಲಿ ಹಾಡುವವನೂ ಕೇಳುವವನೂ ಬೇರೆಯಲ್ಲ. ಊರೇ ಕುಣಿಯುತ್ತದೆ, ಊರೇ ನೋಡುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ಊರಸಂಜೆಯು ಎಲ್ಲರಿಗೂ ಸಮನಾಗಿ ಸೇರಿತ್ತೆಂಬ ತಪ್ಪು ಭಾವನೆ ಹುಟ್ಟೀತು. ಅದು ಹಾಗಿರಲಿಲ್ಲ. ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರಿನಲ್ಲಿ ಮಲೆನಾಡಿನ ಹೊಲೆಯರ ವಿಚಾರವಾಗಿ ಎರಡು ಹೆಸರುಗಳು ಬರುತ್ತವೆ: ಹುಟ್ಟಾಳು ಮತ್ತು ಮಣ್ಣಾಳು. ಒಡೆಯನ ಆಶ್ರಯದಲ್ಲಿ ಹುಟ್ಟಿ ಅವನಿಗೇ ಸೇರಿದವನು ಮೊದಲನೆಯವನು. ಅವನ ಗದ್ದೆಯ ಮಣ್ಣಿಗೆ ಕಟ್ಟುಬಿದ್ದವನು ಎರಡನೆಯವನು. ದೇವತೆಯ ಉತ್ಸವದಲ್ಲಿ ಡೋಲು ತಮಟೆಗಳನ್ನು ಬಾರಿಸುವ ಹೊಣೆ ಪರಂಪರೆಯಿಂದ ಈ ಕುಟುಂಬಗಳದೇ ಆಗಿತ್ತು. ಅವರ ವಾದ್ಯವಿಲ್ಲದೆ ಹಬ್ಬ ಏಳುತ್ತಿರಲಿಲ್ಲ. ಆದರೆ ಗುಡಿಯ ಹೊಸಿಲು ಅವರಿಗೆ ತೆರೆದಿರಲಿಲ್ಲ. ಊರಿನ ವಿರಾಮವು ಅವರ ಪಾಲಿಗೆ ಇನ್ನೊಂದು ಬಗೆಯ ಕೆಲಸವಾಗಿತ್ತು. ಇಕ್ಕೇರಿಯ ಭೇರಿಯವನ ಮನೆಯನ್ನು ನೆನೆದವರಿಗೆ ಇದು ಆಶ್ಚರ್ಯವೆನಿಸದು.

4

19ನೆಯ ಶತಮಾನದ ನಡುವಿನಲ್ಲಿ ಈ ಬೆಟ್ಟಗಳಿಗೆ ಇನ್ನೊಂದು ಬಗೆಯ ಸಂಜೆ ಬಂದಿತು. ಬಾಬಾಬುಡನ್ ಗಿರಿಯ ಕಾಫಿ ಮೊದಲು ಹಿತ್ತಿಲ ಬೆಳೆಯಾಗಿತ್ತು. ಗಿರಿಶ್ರೇಣಿಯ ದಕ್ಷಿಣದಲ್ಲಿ ಕ್ಯಾನನ್ ಎಂಬವನೂ, 1843ರ ಸುಮಾರಿಗೆ ದಕ್ಷಿಣ ಮಂಜರಾಬಾದಿನಲ್ಲಿ ಗ್ರೀನ್ ಎಂಬವನೂ ತೋಟಗಳನ್ನು ಹಾಕಿದ ಮೇಲೆ ಯೂರೋಪಿಯನ್ ತೋಟಗಾರರು ಒಬ್ಬರ ಹಿಂದೆ ಒಬ್ಬರು ಬಂದರು. 1850ರ ದಶಕದ ನಡುವಿನಲ್ಲಿ ಬಂದ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ಟನು ಇವರಲ್ಲಿ ನಮಗೆ ಹೆಚ್ಚು ಉಪಕಾರಿ. ಏಕೆಂದರೆ ಅವನು ಬರೆದಿಟ್ಟನು. ಮೈಸೂರಿನ ಕಾಡುಗಳಲ್ಲಿ ತೋಟಗಾರನಾಗಿ ತಾನು ಪಡೆದ ಅನುಭವಗಳನ್ನು 1871ರಲ್ಲಿಯೂ, ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಕೃಷಿಯನ್ನು ಕುರಿತು 1894ರಲ್ಲಿಯೂ ಅವನು ಗ್ರಂಥಗಳನ್ನು ಪ್ರಕಟಿಸಿದನು. ಅವನು ಮಂಜರಾಬಾದಿನ ಗೌಡರ ನಡೆನುಡಿಗಳನ್ನು ಹತ್ತಿರದಿಂದ ಕಂಡವನು. ಜಾತಿಯ ಕಟ್ಟುಪಾಡುಗಳ ಪಕ್ಷವನ್ನು ವಹಿಸಿ ಪಾದ್ರಿಗಳೊಡನೆ ವಾದಕ್ಕಿಳಿದವನು. ಅವನ ಅಭಿಪ್ರಾಯಗಳನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಈ ಸೀಮೆಯ ಬದುಕನ್ನು ಆ ಕಾಲದಲ್ಲಿ ಇಷ್ಟು ವಿಸ್ತಾರವಾಗಿ ಬರೆದ ತೋಟಗಾರ ಮತ್ತೊಬ್ಬನಿಲ್ಲ.

ತೋಟಗಾರನ ಸಂಜೆಯು ಏಕಾಂತದ ಸಂಜೆ. ಒಂದು ಬಂಗಲೆಗೂ ಇನ್ನೊಂದಕ್ಕೂ ಹಲವು ಮೈಲಿ ದೂರ. ಮುಂಗಾರಿನ ನಾಲ್ಕು ತಿಂಗಳು ದಾರಿಗಳೇ ಇಲ್ಲ. ಇದರ ಜೊತೆಗೆ ಜ್ವರದ ಭಯ. ಮಲೆನಾಡಿನ ಚಳಿಜ್ವರವು ಊರೂರನ್ನೇ ಬರಿದುಮಾಡುತ್ತಿದ್ದ ಕಾಲವದು. ಅದನ್ನು ಹರಡುವುದು ಸೊಳ್ಳೆಯೆಂದು ರೊನಾಲ್ಡ್ ರಾಸ್ 1897ರಲ್ಲಿ ತೋರಿಸಿಕೊಡುವವರೆಗೆ ಸಂಜೆಯ ಕೆಟ್ಟ ಗಾಳಿಯೇ ಕಾರಣವೆಂದು ಎಲ್ಲರೂ ನಂಬಿದ್ದರು. ಆ ನಂಬಿಕೆ ಪೂರ್ಣವಾಗಿ ನಿರಾಧಾರವೂ ಅಲ್ಲ. ಮಲೇರಿಯಾದ ಸೊಳ್ಳೆ ಎದ್ದು ಹೊರಡುವುದು ಹೊತ್ತು ಮುಳುಗಿದ ಮೇಲೆಯೇ. ಸಿಂಕೋನಾ ಮರದ ತೊಗಟೆಯಿಂದ ತೆಗೆಯುವ ಕ್ವಿನೈನು ಈ ಜ್ವರಕ್ಕೆ ಮದ್ದು; ಅದರ ಕಹಿ ಅಸಹನೀಯ. ಕ್ವಿನೈನು ಬೆರೆಸಿದ ಸೋಡಾನೀರಿಗೆ 1858ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ದೊರೆಯಿತು. 1870ರಲ್ಲಿ ಶ್ವೆಪ್ಸ್ ಕಂಪನಿಯವರು ಭಾರತದ ಹೆಸರಿಟ್ಟೇ ಅದನ್ನು ಮಾರಾಟಕ್ಕೆ ತಂದರು. ಜಿನ್ನಿನೊಡನೆ ಅದನ್ನು ಬೆರೆಸಿ ಸಂಜೆಗೆ ಕುಡಿಯುವ ರೂಢಿ ಹೀಗೆ ಬೆಳೆಯಿತು. ಇಂದು ವಿಲಾಸವೆನಿಸಿದ ‘ಸಂಡೌನರ್’ ಪಾನದ ಹಿಂದೆ ಇಂಥ ಮರಣಭಯವಿತ್ತೆಂಬುದು ಗಮನಾರ್ಹ. ಇಟಲಿಯಲ್ಲಿಯೂ ಊಟಕ್ಕೆ ಮುನ್ನ ಕುಡಿಯುವ ಕಹಿಪಾನಗಳ ಮೂಲ ಔಷಧವೇ. 1786ರಲ್ಲಿ ತುರಿನ್ ನಗರದ ಕಾರ್ಪಾನೊ ತಯಾರಿಸಿದ ವರ್ಮೂತ್ ಎಂಬುದು ಗಿಡಮೂಲಿಕೆಗಳನ್ನು ಕೂಡಿಸಿದ ದ್ರಾಕ್ಷಾರಸ. ಕಹಿ ಮದ್ದು ಸಂಜೆಯ ಸಂತೋಷವಾಗಿ ಮಾರ್ಪಡುವುದು ಎರಡು ದೇಶಗಳ ಚರಿತ್ರೆಯಲ್ಲಿಯೂ ಕಾಣುತ್ತದೆ.

ಏಕಾಂತಕ್ಕೆ ಪರಿಹಾರವಾಗಿ ತೋಟಗಾರರು ಕ್ಲಬ್ಬುಗಳನ್ನು ಕಟ್ಟಿಕೊಂಡರು. ಕೊಡಗು, ಚಿಕ್ಕಮಗಳೂರುಗಳಂತೆ ಸಕಲೇಶಪುರದಲ್ಲಿಯೂ ಮಂಜರಾಬಾದ್ ಕ್ಲಬ್ಬು 19ನೆಯ ಶತಮಾನದ ಕೊನೆಯ ದಶಕದಲ್ಲಿ ಹುಟ್ಟಿತು. ದಕ್ಷಿಣಭಾರತದ ತೋಟಗಾರರ ಸಂಯುಕ್ತ ಸಂಘವು ಬೆಂಗಳೂರಿನಲ್ಲಿ ಸ್ಥಾಪನೆಯಾದುದೂ 1893ರಲ್ಲಿ. ಕೂಡಿ ಕುಳಿತ ಸಂಜೆಗೂ ಕೂಡಿ ನಡೆಸುವ ವ್ಯವಹಾರಕ್ಕೂ ಸಂಬಂಧವಿದ್ದೇ ಇತ್ತು. ಕ್ಲಬ್ಬಿನ ಜಗಲಿಯಲ್ಲಿ ಕಾಫಿಯ ಬೆಲೆ, ಕಾಂಡಕೊರಕದ ಹಾವಳಿ, 1870ರ ಆಸುಪಾಸಿನಲ್ಲಿ ಮೈಸೂರಿಗೆ ಹಬ್ಬಿದ ಎಲೆತುಕ್ಕಿನ ರೋಗ, ಆಳುಗಳ ಅಭಾವ ಇವೇ ಮಾತಿಗೆ ಒದಗುತ್ತಿದ್ದ ವಿಷಯಗಳು. ಬಿಳಿಯರ ಕ್ಲಬ್ಬುಗಳಲ್ಲಿ ಭಾರತೀಯನು ಬಟ್ಲರನಾಗಿ ಒಳಗೆ ಹೋಗಬಹುದಿತ್ತು. ಸದಸ್ಯನಾಗಿ ಹೋಗಲು ಬಹುಕಾಲ ಕಾಯಬೇಕಾಯಿತು. ಸ್ವಾತಂತ್ರ್ಯಾನಂತರ ತೋಟಗಳೂ ಕ್ಲಬ್ಬುಗಳೂ ಭಾರತೀಯರ ಕೈಗೆ ಬಂದವು. ಹೋದವರು ಬಿಟ್ಟುಹೋದುದರಲ್ಲಿ ಸಾರ್ವಜನಿಕರಿಗೆ ಉಪಯೋಗವಾದುದೂ ಉಂಟು. ಸಕಲೇಶಪುರದ ಆಸ್ಪತ್ರೆಗೂ ಮೈಸೂರು ವಿಶ್ವವಿದ್ಯಾನಿಲಯದ ಕಚೇರಿಯ ಭವನಕ್ಕೂ ಇರುವ ಕ್ರಾಫರ್ಡ್ ಎಂಬ ಹೆಸರು ಈ ಸೀಮೆಯ ತೋಟಗಾರನೊಬ್ಬನದು.

5

ಬಂಗಲೆಯ ಕೆಳಗಿನ ಇಳುಕಲಿನಲ್ಲಿ ಮೂರನೆಯ ಸಂಜೆಯೊಂದಿತ್ತು. ಅದು ಆಳುಗಳ ಲೈನಿನ ಸಂಜೆ. ಘಟ್ಟದ ಕೆಳಗಿನ ತುಳುನಾಡಿನಿಂದಲೂ, ಪೂರ್ವದ ಬಯಲುಸೀಮೆಯಿಂದಲೂ, ತಮಿಳು ಜಿಲ್ಲೆಗಳಿಂದಲೂ ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆತರುತ್ತಿದ್ದರು. ಮುಂಗಡ ಪಡೆದವನು ಕೆಲಸ ಬಿಟ್ಟುಹೋದರೆ ಅದನ್ನು ಅಪರಾಧವೆಂದು ಪರಿಗಣಿಸುವ ಕಾಯಿದೆ 1859ರಲ್ಲಿ ಬಂದು ದಕ್ಷಿಣದ ತೋಟಗಳಲ್ಲಿ ಬಳಕೆಯಾಯಿತು. 1925ರಲ್ಲಿ ಅದು ರದ್ದಾಗಲು ಶಾಸನವಾಯಿತು. ಹೀಗೆ ಸಾಲವು ಆಳಿನ ಹಗಲನ್ನು ಮಾತ್ರವಲ್ಲದೆ ಮುಂದಿನ ವರ್ಷವನ್ನೂ ಕಟ್ಟಿಹಾಕುತ್ತಿತ್ತು.

ಈ ಜನರು ತಮ್ಮ ಊರಿನಿಂದ ತಂದುದರಲ್ಲಿ ಕಳವಾಗದೆ ಉಳಿದುದು ಹಾಡು ಮತ್ತು ದೈವ. ತುಳುವರು ಪಾಡ್ದನಗಳನ್ನು ತಂದರು. ಪಂಜುರ್ಲಿ ಮೊದಲಾದ ದೈವಗಳ ಕಲ್ಲುಗಳು ಕಾಫಿತೋಟಗಳ ಅಂಚಿನಲ್ಲಿ ನಿಂತವು. ವಾರದ ಬಟವಾಡೆಯೂ ಸಂತೆಯೂ ಕೂಡಿದ ದಿನದ ಸಂಜೆ ಲೈನಿನಲ್ಲಿ ಹಾಡೂ ಇತ್ತು, ಹೆಂಡವೂ ಇತ್ತು. ಆದರೆ ಈ ಹೆಂಡಕ್ಕೂ ಬಗನಿಯ ಕಳ್ಳಿಗೂ ಒಂದು ಮುಖ್ಯ ಭೇದವುಂಟು. ಭಟ್ಟಿಯ ಸಾರಾಯಿಯನ್ನು ಕೂಡಿಡಬಹುದು, ಸಾಗಿಸಬಹುದು. ಆದುದರಿಂದಲೇ ಹರಾಜು ಹಾಕಿ ಗುತ್ತಿಗೆ ಕೊಡಬಹುದು, ಸಾಲಕ್ಕೆ ಮಾರಬಹುದು. ಮರದಿಂದಿಳಿದ ಪಾನ ನೆರೆಹೊರೆಯವರದು. ಅಂಗಡಿಯ ಪಾನ ಗುತ್ತಿಗೆದಾರನದು. ಬಟವಾಡೆಯ ಹಣವು ಮನೆ ಸೇರುವ ಮೊದಲೇ ಅಂಗಡಿ ಸೇರಿದುದರ ಫಲವನ್ನು ಹೆಂಗಸರೂ ಮಕ್ಕಳೂ ಉಂಡರು. ಪಾನಗೋಷ್ಠಿಯ ರಮ್ಯವಾದ ವರ್ಣನೆಗಳನ್ನು ಓದುವಾಗ ನಾವು ಇದನ್ನು ಮರೆಯಬಾರದು.

ಇಲ್ಲಿ ಇಟಲಿಯ ಹಳ್ಳಿಗಾಡಿನ ಒಂದು ಹೋಲಿಕೆ ಸಹಾಯಕವಾದೀತು. ಉತ್ತರ ಇಟಲಿಯ ವೆರ್ಚೆಲ್ಲಿ ಸೀಮೆಯಲ್ಲಿ ಬತ್ತದ ಗದ್ದೆಗಳುಂಟು. ಅಲ್ಲಿ ಮೊಣಕಾಲುದ್ದದ ನೀರಿನಲ್ಲಿ ಬಾಗಿ ನಿಂತು ಕಳೆ ಕೀಳುತ್ತಿದ್ದ ಹೆಂಗಸರಿಗೆ ‘ಮೊಂದಿನೆ’ ಎಂದು ಹೆಸರು. ಕಳೆ ಕೀಳುವಾಗ ಹಾಡುವುದು ಅವರ ರೂಢಿ, ನಮ್ಮ ನಾಟಿಯ ಹೆಂಗಸರಂತೆಯೇ. 20ನೆಯ ಶತಮಾನದ ಮೊದಲ ದಶಕದಲ್ಲಿ ಅವರು ದಿನಕ್ಕೆ ಎಂಟೇ ಗಂಟೆಯ ಕೆಲಸವೆಂದು ಪಟ್ಟುಹಿಡಿದು, 1906ರ ಸುಮಾರಿನ ಮುಷ್ಕರಗಳಿಂದ ಅದನ್ನು ಗಳಿಸಿದರು. ಅವರ ಹಾಡುಗಳೇ ಅವರ ಬೇಡಿಕೆಯ ಪತ್ರಗಳಾದವು. ಇಟಲಿಯ ಹಳ್ಳಿಗಾಡಿನ ದುಡಿಯುವವನಿಗೆ ಸಂಜೆಯೆಂಬುದು ದಾನವಾಗಿ ಬರಲಿಲ್ಲ.

ನಮ್ಮಲ್ಲಿ ಈ ಕಾರ್ಯ ತಡವಾಗಿ ನಡೆಯಿತು. 1951ರ ತೋಟಕಾರ್ಮಿಕರ ಕಾಯಿದೆಯು ವಯಸ್ಕರಿಗೆ ವಾರಕ್ಕೆ 54 ಗಂಟೆಗಳ ಮಿತಿಯನ್ನು ಗೊತ್ತುಪಡಿಸಿತು. ಸಂಜೆ 7ರಿಂದ ಬೆಳಗಿನ 6ರವರೆಗೆ ಹೆಂಗಸರನ್ನೂ ಮಕ್ಕಳನ್ನೂ ಕೆಲಸಕ್ಕೆ ಹಚ್ಚಬಾರದೆಂದು ವಿಧಿಸಿತು. ಮಂಜರಾಬಾದಿನ ಚರಿತ್ರೆಯಲ್ಲಿ ಆಳಿನ ಸಂಜೆಗೆ ಒಂದು ಗಡಿಯಾರದ ಗುರುತು ಬಿದ್ದುದು ಆಗ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಅದೇ ಸಂಜೆಯಿಂದ ಜ್ವರದ ಭಯವನ್ನು ಬಹುಮಟ್ಟಿಗೆ ತೆಗೆಯಿತು. ಇವೆರಡನ್ನೂ ಪ್ರತ್ಯೇಕವಾಗಿ ಕಾಣುವುದು ವಾಡಿಕೆ. ವಿರಾಮದ ಚರಿತ್ರೆಯಲ್ಲಿ ಇವು ಒಂದೇ ಅಧ್ಯಾಯಕ್ಕೆ ಸೇರಿದವು.

6

ಪಾನದ ವಿಷಯದಲ್ಲಿ ಸರಕಾರದ ನೀತಿಯು ಎರಡು ದಿಕ್ಕಿಗೆ ಎಳೆದಾಡಿದುದು ಕಂಡುಬರುತ್ತದೆ. ಅಬಕಾರಿಯು ಬೊಕ್ಕಸಕ್ಕೆ ದೊಡ್ಡ ಆದಾಯ. ಪಾನನಿರೋಧವು ರಾಜ್ಯಾಂಗದ 47ನೆಯ ಅನುಚ್ಛೇದದ ಆದರ್ಶ. ಸ್ವಾತಂತ್ರ್ಯಾನಂತರ ಮೈಸೂರಿನಲ್ಲಿ ಹಂತಹಂತವಾಗಿ ಜಾರಿಗೆ ಬಂದ ಪಾನನಿರೋಧವು 1960ರ ದಶಕದ ಉತ್ತರಾರ್ಧದಲ್ಲಿ ಕೊನೆಗೊಂಡಿತು. ಈ ಶತಮಾನದ ಮೊದಲ ದಶಕದಲ್ಲಿ ಕರಾವಳಿಯನ್ನು ಬಿಟ್ಟು ಉಳಿದೆಡೆ ಸೇಂದಿಯನ್ನು ಇಳಿಸುವುದಕ್ಕೆ ತಡೆ ಬಂದಿತು. 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಯಿತು. ಸಾರಾಯಿಯ ನಿಷೇಧದಿಂದ ಅನೇಕ ಕುಟುಂಬಗಳಿಗೆ ಒಳಿತಾಗಬೇಕೆಂಬ ಉದ್ದೇಶವಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಟ್ಟು ಫಲವನ್ನು ನೋಡಿದರೆ, ಹಿತ್ತಿಲಿನ ಬಗನಿಯಿಂದ ಇಳಿಯುತ್ತಿದ್ದ, ಹೆಚ್ಚಿನ ಅಮಲಿಲ್ಲದ ಪಾನ ಕಾನೂನಿನ ಹೊರಗೆ ಬಿದ್ದಿತು. ಕಾರ್ಖಾನೆಯ ಸೀಸೆಯ ಪಾನ ಕಾನೂನಿನ ಒಳಗೆ ಉಳಿಯಿತು. ಘಟ್ಟದ ಕೆಳಗೆ ನ್ಯಾಯವಾದುದು ಘಟ್ಟದ ಮೇಲೆ ಅಪರಾಧವಾಯಿತು. ಮರವನ್ನೇರಿ ಬಾಳೆಯನ್ನು ಕೊಯ್ಯುವ ಕುಶಲವನ್ನು ಬಲ್ಲ ಮನೆತನಗಳ ವಿದ್ಯೆ ಒಂದು ತಲೆಮಾರಿನಲ್ಲಿ ಮಾಸಿಹೋಗುವ ಸ್ಥಿತಿಗೆ ಬಂದಿತು.

7

ಈಗಿನ ಸಂಜೆಗೆ ಬರೋಣ. 1996ರಲ್ಲಿ ಕಾಫಿ ಮಂಡಳಿಯ ಒಟ್ಟುಮಾರಾಟದ ವ್ಯವಸ್ಥೆ ಪೂರ್ತಿಯಾಗಿ ಮುಗಿದು, ಬೆಳೆಗಾರನು ಪ್ರಪಂಚದ ಪೇಟೆಯ ಬೆಲೆಯ ಏರಿಳಿತಕ್ಕೆ ನೇರವಾಗಿ ಮೈಯೊಡ್ಡಬೇಕಾಯಿತು. ಬೆಲೆ ಕುಸಿದ ವರ್ಷಗಳಲ್ಲಿ ತೋಟದ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡುವುದು ಹಲವು ಕುಟುಂಬಗಳಿಗೆ ಆಸರೆಯಾಯಿತು. ಹಾನುಬಾಳಿನ ಸುತ್ತಿನ ಹೋಂಸ್ಟೇಗಳ ಮೂಲ ಇದು. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮೊದಲ ಸಾಲಿನಲ್ಲಿದೆ. ಇಲ್ಲಿಯ ಬೀಜ ಅಲ್ಲಿಯ ಬೆಳಗಿನ ಬಟ್ಟಲಿಗೆ ಹೋಗುತ್ತದೆ. ಅಲ್ಲಿಯ ಸಂಜೆಯ ರೀತಿ ಇಲ್ಲಿಯ ಬೆಟ್ಟದಂಚಿಗೆ ಬರುತ್ತದೆ. ಇದನ್ನು ಕೇವಲ ಅನುಕರಣವೆಂದು ತಳ್ಳಿಹಾಕುವುದು ಸರಿಯಲ್ಲ. ದೂರದಿಂದ ಬಂದವರಿಗೆ ಜಗಲಿಯಲ್ಲಿ ಎಡೆಕೊಡುವುದು ಮಲೆನಾಡಿನ ಹಳೆಯ ಧರ್ಮವೇ.

ಆದರೂ ಈ ಸಂಜೆಗೆ ಈಗ ಇನ್ನೊಬ್ಬ ಹಕ್ಕುದಾರನಿದ್ದಾನೆ. ಆಲೂರು, ಸಕಲೇಶಪುರಗಳ ತೋಟಗಳಲ್ಲಿ ಆನೆಗಳು ನೆಲಸಿವೆ. ಕರ್ನಾಟಕ ಆನೆ ಕಾರ್ಯಪಡೆಯು 2012ರ ತನ್ನ ವರದಿಯಲ್ಲಿ ಈ ಪ್ರದೇಶದ ಸಂಘರ್ಷವನ್ನು ವಿಶೇಷವಾಗಿ ಪರಿಶೀಲಿಸಿತು. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯ ಬಳಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿಯನ್ನು ಹೊತ್ತಿದ್ದ ಅರ್ಜುನನೆಂಬ ಆನೆ ಮಡಿದುದು ನಾಡಿಗೆಲ್ಲ ತಿಳಿದ ಸಂಗತಿ. ಹಗಲೆಲ್ಲ ಮರೆಯಲ್ಲಿ ನಿಂತ ಹಿಂಡು ಹೊತ್ತು ಇಳಿದಾಗ ಗದ್ದೆಗೆ ಹೊರಡುತ್ತದೆ. ಪ್ರವಾಸಿಗೆ ಸೂರ್ಯಾಸ್ತವು ನೋಟ. ಸಂತೆಯಿಂದ ನಡೆದು ಮನೆಗೆ ಮರಳಬೇಕಾದ ಕೂಲಿಯವಳಿಗೆ ಅದು ಎಚ್ಚರಿಕೆಯ ಹೊತ್ತು. ಒಂದೇ ಬೆಟ್ಟದ ಒಂದೇ ಗಳಿಗೆಗೆ ಇಷ್ಟು ವಿರುದ್ಧವಾದ ಎರಡು ಅರ್ಥಗಳು ಹಿಂದೆಂದೂ ಕೂಡಿರಲಿಲ್ಲ. ಕಳೆದ ಶತಮಾನದಲ್ಲಿ ಜ್ವರವು ಕಿತ್ತುಕೊಂಡಿದ್ದ ಸಂಜೆಯನ್ನು, ಕಾಡು ಕುಗ್ಗಿದುದರ ಫಲವಾಗಿ ಆನೆಯು ಮತ್ತೊಮ್ಮೆ ಬಡವನಿಂದ ಕಿತ್ತುಕೊಂಡಿದೆ.

8

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆಂದು ನಮ್ಮ ಅಭಿಪ್ರಾಯ. ಮೊದಲನೆಯದು, ಪಾನ ಮತ್ತು ವಾದ್ಯಗಳಿಂದ ಕೂಡಿದ ಸಂಜೆಯ ರೂಢಿಯು ಈ ನಾಡಿನಲ್ಲಿ ಪ್ರಾಚೀನವಾದುದು. ಕಾವ್ಯ, ಶಾಸ್ತ್ರಗ್ರಂಥ, ಶಿಲ್ಪ, ಪ್ರವಾಸಿಯ ಪತ್ರ ಈ ನಾಲ್ಕೂ ಅದಕ್ಕೆ ಸಾಕ್ಷಿ. ಎರಡನೆಯದು, ಪಾನದ ಸ್ವಭಾವವೇ ಗೋಷ್ಠಿಯ ಸ್ವಭಾವವನ್ನು ಗೊತ್ತುಮಾಡಿದೆ. ಕೂಡಿಡಲಾಗದ ಕಳ್ಳು ಊರಿನ ಗೋಷ್ಠಿಯನ್ನು, ಕ್ವಿನೈನಿನ ನೀರು ಕ್ಲಬ್ಬಿನ ಗೋಷ್ಠಿಯನ್ನು, ಗುತ್ತಿಗೆಯ ಸಾರಾಯಿ ಲೈನಿನ ಸಾಲವನ್ನು ನಿರ್ಮಿಸಿದುವು. ಮೂರನೆಯದು, ಪ್ರತಿಯೊಂದು ಸಂಜೆಯಲ್ಲಿಯೂ ವಿರಾಮವನ್ನು ಅನುಭವಿಸಿದವನೊಬ್ಬ, ಆ ವಿರಾಮಕ್ಕಾಗಿ ದುಡಿದವನೊಬ್ಬ ಇದ್ದಾನೆ. ಇಕ್ಕೇರಿಯ ಭೇರಿಯವನು, ಸುಗ್ಗಿಯ ಡೋಲಿನವನು, ಕ್ಲಬ್ಬಿನ ಬಟ್ಲರನು ಒಂದೇ ಸಾಲಿಗೆ ಸೇರಿದವರು. ಚರಿತ್ರೆಯು ಮೊದಲನೆಯವನನ್ನು ಬರೆದಿದೆ. ಎರಡನೆಯವನನ್ನು ಬರೆಯುವ ಹೊಣೆ ನಮ್ಮ ಮೇಲಿದೆ.

ಈ ಕಾರ್ಯಕ್ಕೆ ಆಕರಗಳು ಇಲ್ಲದಿಲ್ಲ. 1902ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಮಂಜರಾಬಾದಿನ ಶಾಸನಗಳಿವೆ. ತೋಟಗಳ ಚೆಕ್‌ರೋಲುಗಳು, ಅಬಕಾರಿ ಇಲಾಖೆಯ ಹರಾಜಿನ ಪಟ್ಟಿಗಳು, ಕ್ಲಬ್ಬುಗಳ ನಡಾವಳಿಯ ಪುಸ್ತಕಗಳು ಇವೂ ಚರಿತ್ರೆಯ ಕಾಗದಗಳೇ. ಇವೆಲ್ಲಕ್ಕಿಂತ ಬೇಗ ನಶಿಸುವುದು ಬಾಯ ಮಾತು. ಸುಗ್ಗಿಯ ಬಯಲಿನಲ್ಲಿ ಡೋಲಿನ ಗತಿಗಳನ್ನು ಹೆಸರಿಟ್ಟು ಹೇಳಬಲ್ಲ ಹಿರಿಯರು, ಬಗನಿಯನ್ನು ಕಟ್ಟಿದ ಕೈಗಳು, ಲೈನಿನಲ್ಲಿ ಪಾಡ್ದನ ಕಲಿತ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಯು ಒಂದು ಸಂಜೆ ಅವರ ಬಳಿ ಕುಳಿತು ಕೇಳಿ, ಹೇಳಿದವರ ಮಾತಿನಲ್ಲಿಯೇ ಬರೆದು ತಂದರೆ, ಆ ನಾಲ್ಕು ಹಾಳೆಗಳು ನಮ್ಮ ವಿಭಾಗದ ಸಂಗ್ರಹಕ್ಕೆ ಯಾವ ತಾಮ್ರಪಟಕ್ಕೂ ಕಡಿಮೆಯಿಲ್ಲದ ಸಂಪತ್ತಾಗುವುವು.